ಎಡ ಮುಂದಿನ ಮೂಲೆ

ದಾರ್ಖಾನ್‌ನಲ್ಲಿ ಮೈನಸ್ ಮೂವತ್ತೊಂದು.
ಉಗುಳಿದರೆ ನೆಲ ಟಣ್ ಎನ್ನುವ ಚಳಿ.
ಇಂಥದರಲ್ಲಿ ಪುಂತ್ಸಗ್ ಬಂದು ಹೇಳುತ್ತಾನೆ:
"ದುಲ್ಮಾ, ನನ್ನ ಕಾರಿಗೆ ಸೆಕೆಯಂತೆ."

ನಗು ಬಂತು. ನಗಲಿಲ್ಲ.
ನೂರಾ ನಲವತ್ತು ಕಿಲೋ ಆಳು,
ಜಿಲ್ಲೆಯ ಕುಸ್ತಿಯಲ್ಲಿ ಒಂದು ಕಾಲಕ್ಕೆ ಆನೆ ಎಂದು ಬಿರುದು,
ಈಗ ಮಂಡಿ ಸವೆದು
ಶಾಲೆಯ ಹುಡುಗರಿಗೆ ಪಟ್ಟು ಕಲಿಸುತ್ತಾನೆ.
ಕಾರು ಜಪಾನಿನದು, ಸ್ಟಿಯರಿಂಗ್ ಬಲಕ್ಕೆ.
ಉಕ್ಕಿನ ಸ್ಪ್ರಿಂಗಿಲ್ಲ, ಮೂಲೆಗೊಂದರಂತೆ
ನಾಲ್ಕು ಗಾಳಿಚೀಲಗಳ ಮೇಲೆ ನಿಂತದ್ದು.

ಕಂಪ್ರೆಸರ್ ಮುಟ್ಟಿದೆ. ಕೈಗವಸಿನ ಉಣ್ಣೆ ಕಮಟಿತು.
ಕೀಲಿ ತೆಗೆದರೂ ಓಡುತ್ತಲೇ ಇದೆ,
ಯಾಕೆ ಅಳುತ್ತಿದ್ದೆನೆಂದು ಮರೆತ ಮೇಲೂ
ಅಳುವ ಮಗುವಿನ ಹಾಗೆ.
ಆಮೇಲೆ ತಾನಾಗಿ ನಿಂತಿತು.
ತಲೆ ಮಿತಿಮೀರಿ ಕಾದರೆ ಒಳಗಿನದೊಂದು
ಸಾಕು ಎಂದು ಕರೆಂಟು ಕಡಿಯುತ್ತದೆ.

"ಇದು ಮೂರನೆಯದು," ಅಂದ.
ಮೊದಲನೆಯದು ಮಾರ್ಚಿನಲ್ಲಿ ಸುಟ್ಟಿತು.
ಎರಡನೆಯದಕ್ಕೆ ಹನ್ನೆರಡು ಕುರಿ ಹೋದವು.
"ಹಿಂದೆ ನೋಡಿದವರು ಹೇಳಿದ್ದರು,
ಎಲ್ಲಾ ನನ್ನ ತೂಕದ್ದೇ ಕೆಲಸ ಅಂತ."
ಹೇಳಿ, ಹೊಟ್ಟೆ ಒಳಗೆಳೆದುಕೊಂಡು ನಿಂತ,
ಫೋಟೋ ತೆಗೆಸಿಕೊಳ್ಳುವವರ ಹಾಗೆ.
ಅಕ್ಟೋಬರಿನಿಂದ ಬಸ್ಸಿನಲ್ಲೇ ಓಡಾಟವಂತೆ.
ರಾತ್ರಿ ಬರೀ ಚಹಾವಂತೆ.
ಕಾರು ಹೆಂಡತಿಯ ಕೈಯಲ್ಲಿ.

ಹಂಡಮಾ ನಲವತ್ತೆಂಟು ಕಿಲೋ,
ಅದೂ ಚಳಿಯ ಕೋಟು ಸೇರಿ.
ಹಾಗಾದರೆ ಈ ಮೂರನೆಯದು
ಯಾರ ತೂಕಕ್ಕೆ ಕಾಯಿತು?

ಸಂಜೆ ಟೇಪು ಹಿಡಿದು
ನಾಲ್ಕೂ ಚಕ್ರದ ಮೇಲಿನ ಎತ್ತರ ಅಳೆದೆ,
ಸೀಮೆಸುಣ್ಣದಲ್ಲಿ ಗೋಡೆಗೆ ಬರೆದೆ.
ಬೆಳಗ್ಗೆ ಬಂದರೆ, ಎಡ ಮುಂದಿನ ಮೂಲೆ
ನಾಲ್ಕು ಬೆರಳು ಕುಸಿದಿದೆ,
ಒಂದೇ ಮೊಣಕಾಲೂರಿ
ಏಳಲೋ ಬೇಡವೋ ಎನ್ನುವ ಒಂಟೆಯ ಹಾಗೆ.

ಸಾಬೂನು ನೀರಿಗೆ ವೋಡ್ಕಾ ಬೆರೆಸಿದೆ,
ಬ್ರಷ್ಷಿನಲ್ಲೇ ಹೆಪ್ಪುಗಟ್ಟದಿರಲೆಂದು.
(ಬಾಟಲಿಯಲ್ಲಿ ಉಳಿದದ್ದರ ಲೆಕ್ಕ ಕೇಳಬೇಡಿ.)
ರಬ್ಬರಿನ ಮಡಿಕೆಗೆ ಹಚ್ಚಿದೆ, ಕಾದೆ.
ಸಾಸಿವೆಯಷ್ಟು ಒಂದು ಗುಳ್ಳೆ.
ಒಡೆಯಿತು. ಅದೇ ಜಾಗದಲ್ಲಿ ಇನ್ನೊಂದು.

ಎತ್ತಿಗೆ ಜ್ವರ, ಎಮ್ಮೆಗೆ ಬರೆ.
ಇಲ್ಲಿ ಸೋರಿದ್ದನ್ನು ತುಂಬಿ ತುಂಬಿ
ಅಲ್ಲಿ ಅದು ಬೇಯುತ್ತಿತ್ತು, ಹಗಲೂ ರಾತ್ರಿ.
ರಿಲೇ ಬಿಚ್ಚಿದರೆ, ಒಳಗಿನ ತುಟಿಗಳೆರಡೂ
ಬೆಸೆದುಕೊಂಡುಬಿಟ್ಟಿವೆ. ಅದನ್ನು ಎಸೆದೆ.
ಗಾಳಿಯ ತೇವ ಹೀರುವ ಸಾಬಕ್ಕಿಯಂಥ ಕಾಳು
ತಾವೇ ತೊಯ್ದು ಮುದ್ದೆಯಾಗಿದ್ದವು.
ಅಮ್ಮ ಬೋರ್ತ್ಸಗ್ ಕರಿಯುವ ಬಾಣಲೆಯಲ್ಲಿ
ಒಲೆಯ ಮೇಲಿಟ್ಟು ಹುರಿದೆ.
ಅಮ್ಮನಿಗೆ ಹೇಳಿಲ್ಲ.

ಪುಂತ್ಸಗನನ್ನು ಕರೆದೆ. ಕಷ್ಟಪಟ್ಟು ಕೂತ,
ಆಮೇಲೆ ನೆಲಕ್ಕೇ ಕೆನ್ನೆ ಹಚ್ಚಿ ಮಲಗಿದ.
ಕುಸ್ತಿಯಲ್ಲಿ ಯಾರೂ ಅವನನ್ನು
ಅಷ್ಟು ಸಲೀಸಾಗಿ ಕೆಡವಿರಲಿಲ್ಲ.
ಗುಳ್ಳೆ ಬಂತು.
"ಇನ್ನೊಮ್ಮೆ ಹಚ್ಚು."
ಹಚ್ಚಿದೆ.
"ಇನ್ನೊಮ್ಮೆ."
ನಾಲ್ಕು ಸಲ.
"ಅಂದರೆ ನಾನಲ್ಲ?"
"ನೀನಲ್ಲ."
ಅವನ ಉಸಿರು ಕಾರಿನಡಿ ಬೆಳ್ಳಗೆ ಹರಡಿ
ಬಹಳ ಹೊತ್ತು ಅಲ್ಲೇ ನಿಂತಿತ್ತು.

ಎದುರಿನ ಹೋಟೆಲಿನಿಂದ ಹನ್ನೆರಡು ಹುಷೂರ್ ತಂದ.
ಹತ್ತು ಅವನೇ ತಿಂದ, ಬೆರಳ ಕೊಬ್ಬು ನೆಕ್ಕುತ್ತ.
ಒಂದು ನನಗೆ.
ಇನ್ನೊಂದನ್ನು ಕಾಗದದಲ್ಲಿ ಸುತ್ತಿ
ಒಲೆಯ ಪಕ್ಕ ಕೂತ ಮುದುಕನ ಕೈಗಿಟ್ಟ,
ಎರಡೂ ಕೈಯಿಂದ, ತಲೆ ಬಾಗಿಸಿ.

ಚೀಲ ಗುರುವಾರದ ರೈಲಿಗೆ ಬರುತ್ತದೆ.
ಬಿಲ್ಲು ಬರೆಯಲಿಲ್ಲ. ಅವನು ಕೇಳಿದ,
ನಾನು ಸ್ಪ್ಯಾನರು ಒರೆಸುತ್ತಿದ್ದೆ.

ಅವನು ಹೋದ ಮೇಲೆ ಅಪ್ಪ ಕೇಳಿದ:
"ಯಾವ ಮೂಲೆ?"
"ಎಡ. ಮುಂದಿನದು."
ಎರಡು ವರ್ಷದಿಂದ ಪೊರೆ ಬಂದ ಕಣ್ಣು
ಆ ಕಡೆಗೇ ತಿರುಗಿತು.
ಗೋಡೆಯಲ್ಲಿ ನನ್ನ ಅಂಕಿಗಳ ಮೇಲುಗಡೆ
ಅಪ್ಪ ಬರೆದ ಹಳೆಯ ಅಂಕಿಗಳು ಇನ್ನೂ ಇವೆ.
ಹುಷೂರ್ ತಿನ್ನಲಿಲ್ಲ. ಕಾಗದದ ಸಮೇತ
ಹಿಡಿದುಕೊಂಡೇ ಕೂತ, ಬಿಸಿ ಆರುವ ತನಕ.